ಟ್ಯೂಬ್ ಹಚ್ಚಿದರೆ ಇಳಿಯುತ್ತದೆ, ಬಿಟ್ಟರೆ ಏರುತ್ತದೆ: ರೊಸೇಶಿಯಾ ಬಗ್ಗೆ ಮತ್ತದೇ ಪ್ರಶ್ನೆ

ಪ್ರಶ್ನೆ: ನನಗೆ 38 ವರ್ಷ. ಊರು ಕಾರಟಗಿ ಹತ್ತಿರ. ಬಹಳ ದಿನದಿಂದ ಕೆನ್ನೆ, ಮೂಗು ಕೆಂಪಾಗಿ ಉರಿಯುತ್ತವೆ, ಸಣ್ಣ ಗುಳ್ಳೆ ಏಳುತ್ತವೆ. ಡಾಕ್ಟರ್ ರೊಸೇಶಿಯಾ ಅಂದರು. ಅವರು ಬರೆದ ಜೆಲ್ ಒಂದು ವಾರ ಹಚ್ಚಿದೆ, ಏನೂ ಗುಣ ಕಾಣಲಿಲ್ಲ. ನಾದಿನಿ ಕೊಟ್ಟ ಟ್ಯೂಬ್ ಹಚ್ಚಿದರೆ ಮರುದಿನವೇ ಇಳಿಯುತ್ತದೆ. ಬಿಟ್ಟರೆ ಮೂರು ದಿನದಲ್ಲಿ ಮೊದಲಿಗಿಂತ ಜೋರಾಗಿ ಬರುತ್ತದೆ. ಅಂದಮೇಲೆ ನನಗೆ ಆ ಟ್ಯೂಬೇ ಸರಿಯಾದ ಔಷಧ ಅಲ್ಲವೇ? ಅದನ್ನೇ ಕಾಯಂ ಹಚ್ಚಬಹುದೇ?

ಉತ್ತರ: ಇಲ್ಲ ತಂಗಿ, ಹಚ್ಚಬಾರದು. ಆ ಟ್ಯೂಬ್ ನಿಮ್ಮ ರೋಗಕ್ಕೆ ಔಷಧವಲ್ಲ. ಈಗ ನೀವು ಅನುಭವಿಸುತ್ತಿರುವ ಉರಿಯಲ್ಲಿ ದೊಡ್ಡ ಪಾಲು ಅದರದ್ದೇ ಆಗಿರಬಹುದು.

ಗಂಗಾವತಿಯಲ್ಲಿ ನನ್ನದು ಔಷಧ ಅಂಗಡಿ. ಈ ಪ್ರಶ್ನೆ ಬರದ ವಾರವಿಲ್ಲ. ಬರುವವರು ಬಾಯಲ್ಲಿ ಹೆಸರು ಹೇಳುವುದಿಲ್ಲ, ಬಾಲದಿಂದ ಸುತ್ತಿ ಸುತ್ತಿ ಕೊನೆಯ ಹನಿವರೆಗೆ ಹಿಂಡಿದ ಟ್ಯೂಬನ್ನೇ ಕೌಂಟರ್ ಮೇಲೆ ಇಡುತ್ತಾರೆ. "ಇಂಥದ್ದೇ ಕೊಡ್ರಿ ಅಣ್ಣಾರ, ಇದು ನಮ್ಮ ಮಾರಿಗೆ ಹೊಂದೈತಿ." ಅಕ್ಷರ ಅರ್ಧ ಅಳಿಸಿಹೋಗಿರುತ್ತದೆ. ತಿರುಗಿಸಿ ನೋಡಿದರೆ ಬೆಟಾಮೆಥಾಸೋನ್, ಇಲ್ಲವೆ ಕ್ಲೋಬೆಟಾಸಾಲ್, ಇಲ್ಲವೆ ಮೊಮೆಟಾಸೋನ್. ಮೂರೂ ಸ್ಟೀರಾಯ್ಡ್, ಅಂದರೆ ಉರಿಯೂತವನ್ನು ಬೇಗ ಅದುಮಿಡುವ ಜಾತಿಯ ಔಷಧ. ನಾದಿನಿ ಕೊಟ್ಟ ಟ್ಯೂಬನ್ನು ನಾನು ನೋಡಿಲ್ಲ. ಆದರೆ ಹಚ್ಚಿದ ಮರುದಿನ ಇಳಿದು, ಬಿಟ್ಟ ಮೂರನೇ ದಿನಕ್ಕೆ ಮೊದಲಿಗಿಂತ ಜೋರಾಗಿ ಬರುವುದು ಸ್ಟೀರಾಯ್ಡ್‌ನ ಗುಣ. ಮನೆಗೆ ಹೋಗಿ ಟ್ಯೂಬಿನ ಮೇಲಿನ ಸಣ್ಣಕ್ಷರ ಓದಿ. "ಸೋನ್" ಎಂದು ಮುಗಿಯುವ ಹೆಸರು, "ಬೆಟಾಸಾಲ್" ಎಂಬ ಹೆಸರು, "ಅಸಿಟೋನೈಡ್" ಎಂಬ ಬಾಲ ಇದ್ದರೆ ಅದು ಬಹುತೇಕ ಸ್ಟೀರಾಯ್ಡೇ ಎಂದು ತಿಳಿಯಿರಿ. "ಜೋಲ್" ಎಂದು ಮುಗಿಯುವುದು ಬೇರೆ ಜಾತಿ, ಅದಕ್ಕೆ ಹೆದರಬೇಡಿ. ಆದರೆ ಕೀಟೋಕೊನಜೋಲ್ ಜೊತೆಗೆ ಕ್ಲೋಬೆಟಾಸಾಲ್ ಬೆರೆಸಿದ ಟ್ಯೂಬುಗಳೂ ಇವೆ. ಹಾಗಾಗಿ ಮೊದಲ ಹೆಸರು ನೋಡಿ ನಿಲ್ಲಿಸದೆ ಪೂರ್ತಿ ಓದಿ.

"ಹಚ್ಚಿದರೆ ಇಳಿಯುತ್ತಲ್ಲ, ಮತ್ತೆ ಔಷಧ ಹೆಂಗಲ್ಲ?" ಎಂಬ ವಾದವನ್ನು ಬುಡಸಮೇತ ಕಿತ್ತುಹಾಕಬೇಕಾಗಿದೆ. ಓದಿದವರೂ ಇದನ್ನೇ ಹೇಳುತ್ತಾರೆ, ಮೇಷ್ಟ್ರುಗಳೂ ಹೇಳುತ್ತಾರೆ.

ರೊಸೇಶಿಯಾದಲ್ಲಿ ಮುಖದ ನಡುಭಾಗದ ಚರ್ಮದ ಕೆಳಗಿರುವ ಸಣ್ಣ ರಕ್ತನಾಳಗಳು ಬೇಗ ಹಿಗ್ಗುತ್ತವೆ. ಜೊತೆಗೆ ಅಲ್ಲಿ ಉರಿಯೂತ ಇರುತ್ತದೆ. ಸ್ಟೀರಾಯ್ಡ್ ಹಚ್ಚಿದ ಕೂಡಲೇ ಆ ನಾಳಗಳು ಕುಗ್ಗುತ್ತವೆ, ರಕ್ತ ಕಡಿಮೆ ಹರಿಯುತ್ತದೆ, ಚರ್ಮ ಬಿಳಿಚಿಕೊಳ್ಳುತ್ತದೆ. ಇದು ಎಷ್ಟು ಖಚಿತವಾದ ಗುಣವೆಂದರೆ, ಯಾವ ಸ್ಟೀರಾಯ್ಡ್ ಎಷ್ಟು ಬಲದ್ದು ಎಂದು ಅಳೆಯುವುದೇ ಅದು ಚರ್ಮವನ್ನು ಎಷ್ಟು ಬಿಳಿಚಿಸುತ್ತದೆ ಎಂಬುದರಿಂದ. 1962ರಲ್ಲಿ ಮೆಕೆಂಜಿ ಮತ್ತು ಸ್ಟೌಟನ್ ಎಂಬ ಇಬ್ಬರು ವೈದ್ಯರು ಕೊಟ್ಟ ಪರೀಕ್ಷೆ ಅದು. ಆ ಅಳತೆಯಲ್ಲಿ ಕ್ಲೋಬೆಟಾಸಾಲ್ ಎಲ್ಲಕ್ಕಿಂತ ಮೇಲಿನ ಗುಂಪಿನಲ್ಲಿದೆ. ಅಂದರೆ ಮರುದಿನ ಕನ್ನಡಿಯಲ್ಲಿ ನೀವು ಕಂಡ ಬಿಳುಪು ಔಷಧದ ಬಲವನ್ನು ಹೇಳಿತೇ ಹೊರತು ರೋಗ ವಾಸಿಯಾಯಿತು ಎಂದು ಹೇಳಲಿಲ್ಲ.

ಹಚ್ಚುತ್ತಾ ಹೋದಂತೆ ಒಳಗೆ ಬೇರೆ ಕೆಲಸ ನಡೆಯುತ್ತದೆ. ಸ್ಟೀರಾಯ್ಡ್ ಚರ್ಮವನ್ನು ಗಟ್ಟಿಯಾಗಿ ಹಿಡಿದಿಡುವ ಕೊಲ್ಲಾಜನ್ ಎಂಬ ಪ್ರೋಟೀನ್ ಕಡಿಮೆ ಮಾಡುತ್ತದೆ, ಚರ್ಮ ತೆಳ್ಳಗಾಗುತ್ತದೆ, ಮುಚ್ಚಿಕೊಂಡಿದ್ದ ನಾಳಗಳು ಕೆಂಪು ದಾರದ ಎಳೆಗಳಂತೆ ಹೊರಗೆ ಕಾಣತೊಡಗುತ್ತವೆ. ಆ ಜಾಗದ ರೋಗನಿರೋಧಕ ಶಕ್ತಿಯನ್ನೂ ಅದು ತಗ್ಗಿಸುತ್ತದೆ. ಎಲ್ಲರ ಮುಖದ ರಂಧ್ರಗಳಲ್ಲಿ ಇರುವ ಡೆಮೊಡೆಕ್ಸ್ ಎಂಬ ಕಣ್ಣಿಗೆ ಕಾಣದ ಹುಳು ರೊಸೇಶಿಯಾ ಇರುವವರಲ್ಲಿ ಮೊದಲೇ ಹೆಚ್ಚು. ಸ್ಟೀರಾಯ್ಡ್ ಬಿದ್ದ ಮೇಲೆ ಅದಕ್ಕೆ ತಡೆಯೇ ಇಲ್ಲ. ಕೆಲವರಿಗೆ ಕೆನ್ನೆಯ ಮೇಲೆ ಕೂದಲೂ ಬೆಳೆಯುತ್ತದೆ. ಇಷ್ಟೆಲ್ಲ ಆದ ಮೇಲೆ ಟ್ಯೂಬ್ ಬಿಟ್ಟರೆ, ಅಷ್ಟು ದಿನ ಬಲವಂತವಾಗಿ ಕುಗ್ಗಿಸಿಟ್ಟಿದ್ದ ನಾಳಗಳು ಒಮ್ಮೆಲೇ ಹಿಗ್ಗುತ್ತವೆ. ಮುಖ ಕೆಂಡವಾಗುತ್ತದೆ. ಅದನ್ನು ನೋಡಿ ಹೆದರಿ ನೀವು ಮತ್ತೆ ಅದೇ ಟ್ಯೂಬ್ ಹಿಡಿಯುತ್ತೀರಿ.

ಕುಡಿತಕ್ಕೆ ಬಿದ್ದವನಿಗೆ ಬೆಳಗ್ಗೆ ಕೈ ನಡುಗುತ್ತದೆ, ಒಂದು ಗುಟುಕು ಹಾಕಿದರೆ ನಡುಕ ನಿಲ್ಲುತ್ತದೆ. ಹಾಗಂತ ಸಾರಾಯಿ ನಡುಕಕ್ಕೆ ಔಷಧ ಎಂದು ಯಾರೂ ಹೇಳುವುದಿಲ್ಲ. ನಿಮ್ಮ ಟ್ಯೂಬಿನ ಲೆಕ್ಕವೂ ಇಷ್ಟೇ.

ರೊಸೇಶಿಯಾ ಇಲ್ಲದವರಿಗೂ ಇದು ಬರುತ್ತದೆ. ಬಂಗು ಎಂದೋ, ಮೊಡವೆ ಎಂದೋ, ಮದುವೆಗೆ ಮುಂಚೆ ಸ್ವಲ್ಪ ಬೆಳ್ಳಗಾಗಲಿ ಎಂದೋ ತಿಂಗಳುಗಟ್ಟಲೆ ಹಚ್ಚಿಕೊಂಡ ಹುಡುಗಿಯರನ್ನು ನೋಡುತ್ತೇನೆ. ಬಿಸಿಲಿಗೆ ಹೋದರೆ ಉರಿ, ಒಲೆ ಮುಂದೆ ಕೂತರೆ ಉರಿ, ಸೋಪು ತಾಗಿದರೂ ಉರಿ. ಚರ್ಮವೈದ್ಯರು ಇದಕ್ಕೆ "ಟಾಪಿಕಲ್ ಸ್ಟೀರಾಯ್ಡ್ ಡ್ಯಾಮೇಜ್ಡ್ ಫೇಸ್" ಎಂದು ಹೆಸರನ್ನೇ ಇಟ್ಟಿದ್ದಾರೆ. 2018ರಲ್ಲಿ ಕೇಂದ್ರ ಸರ್ಕಾರ ಇಂಥ 14 ಸ್ಟೀರಾಯ್ಡ್ ಮುಲಾಮುಗಳನ್ನು ಶೆಡ್ಯೂಲ್ ಎಚ್‌ಗೆ ಸೇರಿಸಿತು, ಅಂದರೆ ಡಾಕ್ಟರ್ ಚೀಟಿ ಇಲ್ಲದೆ ಮಾರುವಂತಿಲ್ಲ. ನಾನು ಕೊಡುವುದಿಲ್ಲ ಎಂದಾಗ ಸಿಟ್ಟಾಗಿ ಹೋದವರು ಬಹಳ ಮಂದಿ. ಕೊಡದಿರುವುದೇ ನನ್ನ ಕೆಲಸ ಎಂದು ಎಷ್ಟು ಸಲ ಹೇಳಿದ್ದೇನೋ! ಇನ್ನೂ ಹೇಳುತ್ತೇನೆ.

ಸ್ಟೀರಾಯ್ಡ್ ಮುಲಾಮು ಎಂದರೆ ವಿಷ ಎಂದು ಮಾತ್ರ ತಿಳಿಯಬೇಡಿ. ಇಸುಬಿಗೆ, ಸೋರಿಯಾಸಿಸ್‌ಗೆ, ಡಾಕ್ಟರ್ ಹೇಳಿದ ಜಾಗಕ್ಕೆ, ಹೇಳಿದಷ್ಟು ದಿನ ಅದು ಬಹಳ ಒಳ್ಳೆಯ ಔಷಧ. ಮುಖದ ಚರ್ಮ ತೆಳು, ರೊಸೇಶಿಯಾ ಅದಕ್ಕೆ ಒಗ್ಗದ ರೋಗ. ನನ್ನ ತಕರಾರು ಅಷ್ಟಕ್ಕೇ.

ಈಗ ಬಿಡುವುದು ಹೇಗೆ? ಒಬ್ಬರೇ ಬಿಡಲು ಹೋಗಬೇಡಿ. ಕೊಪ್ಪಳ, ರಾಯಚೂರು, ಬಳ್ಳಾರಿ ಮೂರೂ ಕಡೆ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆ ಇದೆ. ಅಲ್ಲಿಯ ಚರ್ಮರೋಗ ವಿಭಾಗಕ್ಕೆ ಹೋಗಿ, ಹಿಂಡಿದ ಟ್ಯೂಬನ್ನೂ ಕೊಂಡೊಯ್ಯಿರಿ, ಎಷ್ಟು ದಿನದಿಂದ ಹಚ್ಚುತ್ತಿದ್ದೀರಿ ಎಂದು ಮುಚ್ಚಿಡದೆ ಹೇಳಿ. ಅವರು ಒಮ್ಮೆಲೇ ನಿಲ್ಲಿಸಬಹುದು, ಕಡಿಮೆ ಬಲದ್ದಕ್ಕೆ ಇಳಿಸಿ ಬಿಡಿಸಬಹುದು, ಸ್ಟೀರಾಯ್ಡ್ ಅಲ್ಲದ ಟ್ಯಾಕ್ರೊಲಿಮಸ್‌ನಂಥದ್ದನ್ನು ನಡುವೆ ಕೊಡಬಹುದು. ಬಿಟ್ಟ ಮೇಲಿನ ಉರಿ ಕೆಲವರಿಗೆ ವಾರಗಳಲ್ಲಿ ತಣಿಯುತ್ತದೆ, ವರ್ಷಗಟ್ಟಲೆ ಹಚ್ಚಿದವರಿಗೆ ತಿಂಗಳುಗಳೇ ಬೇಕು. ಆ ಅವಧಿ ಕಷ್ಟದ್ದು. ಮೊದಲೇ ಗೊತ್ತಿದ್ದರೆ ಮತ್ತೆ ಟ್ಯೂಬಿಗೆ ಕೈ ಹೋಗುವುದಿಲ್ಲ ಎಂದೇ ಇದನ್ನು ಹೇಳುತ್ತಿದ್ದೇನೆ.

ಇನ್ನು ಡಾಕ್ಟರ್ ಬರೆದ ಜೆಲ್. ಒಂದು ವಾರಕ್ಕೆ ಗುಣ ಕಾಣಲಿಲ್ಲ ಎಂದು ಬಿಟ್ಟಿರಿ. ರೊಸೇಶಿಯಾದ ಹಚ್ಚುವ ಔಷಧಿಗಳಿಗೆ ಎಂಟರಿಂದ ಹನ್ನೆರಡು ವಾರ ಕೊಡಲೇಬೇಕು. ಸಾಮಾನ್ಯವಾಗಿ ಬರೆಯುವುದು ಮೆಟ್ರೊನಿಡಜೋಲ್ ಜೆಲ್, ಅಜೆಲಾಯಿಕ್ ಆಸಿಡ್ ಅಥವಾ ಐವರ್ಮೆಕ್ಟಿನ್ 1 ಪರ್ಸೆಂಟ್ ಕ್ರೀಮ್. ಮೆಟ್ರೊನಿಡಜೋಲ್ ಹೆಸರು ಓದಿ "ಇದು ಭೇದಿಗೆ ಕೊಡೋ ಗುಳಿಗಿ ಅಲ್ಲೇನ್ರಿ?" ಎಂದು ಕೇಳುತ್ತಾರೆ. ಹೌದು, ಅದೇ ಔಷಧ. ಚರ್ಮಕ್ಕೆ ಹಚ್ಚಿದಾಗ ಅದು ಉರಿಯೂತ ಇಳಿಸುತ್ತದೆ. ಅಜೆಲಾಯಿಕ್ ಆಸಿಡ್ ಮೊದಲ ಕೆಲವು ದಿನ ಚುರುಗುಟ್ಟುತ್ತದೆ, ಬಂಗಿಗೂ ಒಳ್ಳೆಯದು. ಗುಳ್ಳೆ ಹೆಚ್ಚಿದ್ದರೆ ಡಾಕ್ಸಿಸೈಕ್ಲಿನ್ ಗುಳಿಗೆ ಕೊಡುತ್ತಾರೆ. ಅದನ್ನು ತುಂಬಿದ ಲೋಟ ನೀರಿನೊಂದಿಗೆ ನುಂಗಿ, ಅರ್ಧ ಗಂಟೆಯಾದರೂ ಮಲಗಬೇಡಿ, ಇಲ್ಲವಾದರೆ ಅನ್ನನಾಳದಲ್ಲಿ ಹುಣ್ಣಾಗಬಹುದು. ರಕ್ತ ಹೆಚ್ಚಲೆಂದು ಕೊಟ್ಟ ಕಬ್ಬಿಣದ ಗುಳಿಗೆಯನ್ನು ಅದರ ಜೊತೆಗೇ ನುಂಗಿದರೆ ಔಷಧ ಮೈಗೆ ಹತ್ತುವುದಿಲ್ಲ, ನಡುವೆ ಕೆಲವು ತಾಸು ಅಂತರ ಇರಲಿ. ಬಸುರಿಯರಿಗೆ ಇದು ಬೇಡ. ಬಸುರಿ ಆಗಿರುವ ಅನುಮಾನ ಇದ್ದರೂ ಮೊದಲು ಹೇಳಿ. ಕಾಣುವ ನಾಳಗಳಿಗೆ ಮುಲಾಮಿಗಿಂತ ಲೇಸರ್ ವಾಸಿ. ಆದರೆ ನಮ್ಮಂಥ ಕಂದು ಚರ್ಮಕ್ಕೆ ತಪ್ಪು ಯಂತ್ರ ಬಿದ್ದರೆ ಕಲೆ ಉಳಿಯುತ್ತದೆ. ಬ್ಯೂಟಿ ಪಾರ್ಲರ್‌ನಲ್ಲಿ ಮಾಡಿಸಬೇಡಿ.

ಇದು ಬುಡಸಮೇತ ಹೋಗುವ ರೋಗವಲ್ಲ, ಹಿಡಿತದಲ್ಲಿ ಇಡುವ ರೋಗ. ಬಿಪಿ ಹಿಡಿತದಲ್ಲಿಟ್ಟುಕೊಂಡು ಬದುಕುವವರು ಮನೆಮನೆಗೂ ಇದ್ದಾರೆ, ಇದೂ ಸಾಧ್ಯ.

ಕೆದರಿಸುವ ಸಂಗತಿಗಳು ನಮ್ಮ ಕಡೆ ಬೇರೆ ಊರಿಗಿಂತ ಹೆಚ್ಚು. ಏಪ್ರಿಲ್, ಮೇ ತಿಂಗಳ ಬಿಸಿಲೊಂದೇ ಸಾಕು. ಅದರ ಮೇಲೆ ರೊಟ್ಟಿ. ಹಂಚಿನ ಮುಂದೆ ಕೂತು, ಬಗ್ಗಿ, ಒಂದರ ಮೇಲೊಂದು ಜೋಳದ ರೊಟ್ಟಿ ಬಡಿದು ಬೇಯಿಸುವ ಹೊತ್ತಿಗೆ ಬೆಂಕಿಯ ಝಳ ನೇರ ಕೆನ್ನೆಗೆ ಹೊಡೆಯುತ್ತದೆ. ಕೆನ್ನೆ ಏಕೆ ಒಂದೇ ಬದಿಗೆ ಹೆಚ್ಚು ಕೆಂಪು ಎಂದು ಕೇಳಿದವರಿಗೆ ನಾನು ಕೇಳುವ ಮರುಪ್ರಶ್ನೆ, "ಒಲಿ ಯಾವ ಕಡೆಗೈತಿ?" ರೊಟ್ಟಿ ಬಿಡಿ ಎಂದು ಹೇಳುವಷ್ಟು ಬುದ್ಧಿಗೇಡಿ ನಾನಲ್ಲ. ನಸುಕಿನಲ್ಲಿ ಬಡಿದು ಮುಗಿಸಿ, ನಡುವೆ ಎದ್ದು ಮುಖಕ್ಕೆ ತಣ್ಣೀರು ತೋರಿಸಿ, ಕೊರಳಿಗೆ ಒದ್ದೆ ಬಟ್ಟೆ ಸುತ್ತಿಕೊಳ್ಳಿ. ಎರಡು ದಿನಕ್ಕಾಗುವಷ್ಟು ಕಟಿ ರೊಟ್ಟಿ ಒಟ್ಟಿಗೆ ಮಾಡಿಟ್ಟರೆ ಒಂದು ದಿನದ ಝಳ ತಪ್ಪುತ್ತದೆ. ಮನೆಯಲ್ಲಿ ಇನ್ನೊಬ್ಬರಿಗೂ ಕೈಯಿದೆ, ಅವರೂ ಬಡಿಯಲಿ.

ಒಗ್ಗರಣಿ ಮಿರ್ಚಿ ಬಗ್ಗೆ ಎಲ್ಲರೂ ಕೇಳುತ್ತಾರೆ. ಖಾರ ಕೆಲವರಿಗೆ ಕೆದರಿಸುತ್ತದೆ, ಎಲ್ಲರಿಗೂ ಅಲ್ಲ. ಒಂದು ನೋಟ್‌ಬುಕ್ಕಿನಲ್ಲಿ ಯಾವ ದಿನ ಮುಖ ಉರಿಯಿತು, ಅದಕ್ಕೂ ಮುಂಚೆ ಏನು ತಿಂದಿರಿ, ಎಲ್ಲಿಗೆ ಹೋಗಿದ್ದಿರಿ ಎಂದು ಬರೆದಿಡಿ. ಒಂದೆರಡು ತಿಂಗಳಲ್ಲಿ ನಿಮ್ಮ ಮುಖವೇ ಉತ್ತರ ಹೇಳುತ್ತದೆ. ಚಹಾದಲ್ಲಿ ತಪ್ಪು ಅದರ ಬಿಸಿಯದ್ದು. ಆರಿಸಿ ಕುಡಿದರೆ ಹೆಚ್ಚಿನವರಿಗೆ ತೊಂದರೆ ಇಲ್ಲ. ಮದ್ಯ, ಕುದಿಯುವ ನೀರಿನ ಸ್ನಾನ, ಸಿಟ್ಟು, ನಿದ್ದೆಗೇಡು ಇವೂ ಪಟ್ಟಿಯಲ್ಲಿವೆ. ಮೆಣಸಿನಕಾಯಿ ತೊಟ್ಟು ಬಿಡಿಸುವ ಕೆಲಸಕ್ಕೆ ಹೋಗುವವರು ಆ ಕೈಯನ್ನು ಮುಖಕ್ಕೆ ತಾಗಿಸಬೇಡಿ.

ಉಲ್ಬಣಿಸಿದ ದಿನ ಮಾಡಬೇಕಾದದ್ದು ಕಡಿಮೆ, ಬಿಡಬೇಕಾದದ್ದೇ ಹೆಚ್ಚು. ಲಿಂಬೆರಸ, ಮುಲ್ತಾನಿ ಮಿಟ್ಟಿ, ಕಡಲೆಹಿಟ್ಟಿನ ಉಜ್ಜುವಿಕೆ, ಟೂತ್‌ಪೇಸ್ಟ್, ಸೆಂಟಿನ ಸೋಪು ಎಲ್ಲ ದೂರ. ತಣ್ಣೀರಲ್ಲಿ ಅದ್ದಿ ಹಿಂಡಿದ ಮೆತ್ತನೆಯ ಹತ್ತಿ ಬಟ್ಟೆ ಹತ್ತು ನಿಮಿಷ ಮುಖದ ಮೇಲಿರಲಿ. ಐಸ್ ಗಡ್ಡೆಯನ್ನು ನೇರ ಉಜ್ಜಬೇಡಿ. ವಾಸನೆಯಿಲ್ಲದ ಸಾದಾ ಮಾಯಿಶ್ಚರೈಸರ್ ತೆಳುವಾಗಿ ಹಚ್ಚಿ. ಹೊರಗೆ ಹೋಗುವಾಗ ಝಿಂಕ್ ಆಕ್ಸೈಡ್ ಇರುವ ಎಸ್‌ಪಿಎಫ್ 30ಕ್ಕೆ ಕಡಿಮೆಯಿಲ್ಲದ ಸನ್‌ಸ್ಕ್ರೀನ್, ಅದರ ಮೇಲೆ ಸೆರಗು ಅಥವಾ ಕೊಡೆ. ಸೆರಗೊಂದೇ ಸಾಕು ಎನ್ನುವವರಿಗೆ ಹೇಳುವುದೇನೆಂದರೆ, ತೆಳು ಬಟ್ಟೆಯನ್ನು ಬಿಸಿಲು ದಾಟುತ್ತದೆ.

ಹೆಸರಿಡುವ ಕೆಲಸ ಡಾಕ್ಟರಿಗೇ ಬಿಡಿ. ಕಂದು ಮುಖದಲ್ಲಿ ಕೆಂಪು ಎದ್ದು ಕಾಣುವುದಿಲ್ಲ, "ಮಾರಿ ಕರ್ರಗಾಗೈತಿ" ಎಂದೇ ನಮ್ಮವರು ಬರುತ್ತಾರೆ. ಉರಿ, ಬಿಸಿ ಏರಿದ ಅನುಭವ, ಕರಿತಲೆಯ ಮೊಡವೆ ಇಲ್ಲದ ಗುಳ್ಳೆ ಇವು ರೊಸೇಶಿಯಾದ ಸುಳಿವು. ಕೀಲುನೋವು, ಜ್ವರ, ಬಾಯಿಹುಣ್ಣು ಜೊತೆಗಿದ್ದರೆ ಲೂಪಸ್ ಇರಬಹುದು, ಅಂದರೆ ಮೈಯ ರೋಗನಿರೋಧಕ ಶಕ್ತಿ ಮೈಮೇಲೆಯೇ ತಿರುಗಿಬೀಳುವ ರೋಗ. ಸ್ಪರ್ಶ ತಿಳಿಯದ ಮಚ್ಚೆ ಇದ್ದರೆ ಕುಷ್ಠದ ಪರೀಕ್ಷೆ ಆಗಬೇಕು. ಗಜಕರ್ಣವಂತೂ ಸ್ಟೀರಾಯ್ಡ್ ಬಿದ್ದರೆ ಗುರುತೇ ಸಿಗದಂತೆ ಹರಡುತ್ತದೆ.

ನೀವು ಕೇಳದ ಒಂದು ವಿಷಯವನ್ನೂ ಹೇಳಬೇಕು, ಏಕೆಂದರೆ ಯಾರೂ ಕೇಳುವುದಿಲ್ಲ. ನಿಮ್ಮ ಕಣ್ಣು ಹೇಗಿದೆ? ರೊಸೇಶಿಯಾ ಇರುವ ಬಹಳ ಮಂದಿಗೆ ಕಣ್ಣಿಗೂ ಅದು ಬರುತ್ತದೆ. ಕೆಲವರಿಗೆ ಮುಖಕ್ಕಿಂತ ಮೊದಲೇ ಬರುತ್ತದೆ. ಮರಳು ಬಿದ್ದಂತೆ ಚುಚ್ಚುವುದು, ಕೆಂಪಾಗುವುದು, ನೀರು ಸುರಿಯುವುದು, ರೆಪ್ಪೆಯ ಅಂಚಿಗೆ ಮೇಲಿಂದ ಮೇಲೆ ಗುಳ್ಳೆ ಆಗುವುದು. ರೈಸ್ ಮಿಲ್ಲಿನ ಧೂಳು, ರಸ್ತೆಯ ಧೂಳು ಎಂದು ಎಲ್ಲರೂ ಸುಮ್ಮನಿರುತ್ತಾರೆ. ಇಲ್ಲವೆ ಮೆಡಿಕಲ್‌ನಲ್ಲಿ ಕೆಂಪು ಇಳಿಸುವ ಹನಿ ಕೇಳುತ್ತಾರೆ. ಆ ಹನಿಗಳಲ್ಲಿ ಕೆಲವು ಡೆಕ್ಸಾಮೆಥಾಸೋನ್, ಮತ್ತೆ ಅದೇ "ಸೋನ್". ಕಣ್ಣಿಗೆ ಬಿದ್ದ ಸ್ಟೀರಾಯ್ಡ್ ಬಹಳ ದಿನ ನಡೆದರೆ ಕಣ್ಣಿನ ಒತ್ತಡ ಏರುತ್ತದೆ, ಪೊರೆಯೂ ಬರಬಹುದು. ಒತ್ತಡ ಏರಿ ಹೋದ ದೃಷ್ಟಿ ಮರಳುವುದಿಲ್ಲ. ಕಣ್ಣಿನ ಹತ್ತಿರ ಮುಖದ ಟ್ಯೂಬ್ ಹಚ್ಚಿದವರಿಗೂ ಈ ಅಪಾಯ ಇದೆ.

ಇಲ್ಲಿ ಮುಖಕ್ಕೆ ಹೇಳಿದ್ದಕ್ಕೆ ತದ್ವಿರುದ್ಧ ಮಾಡಬೇಕು. ಮುಖಕ್ಕೆ ತಂಪು, ರೆಪ್ಪೆಗೆ ಬೆಚ್ಚಗೆ. ಬೆಚ್ಚನೆ ನೀರಲ್ಲಿ ಅದ್ದಿದ ಶುದ್ಧ ಬಟ್ಟೆಯನ್ನು ಮುಚ್ಚಿದ ರೆಪ್ಪೆಯ ಮೇಲಷ್ಟೇ ಐದು ನಿಮಿಷ ಇಟ್ಟು, ಆಮೇಲೆ ರೆಪ್ಪೆಯ ಅಂಚನ್ನು ಮೆಲ್ಲಗೆ ಒರೆಸಿ. ರೆಪ್ಪೆಯ ಎಣ್ಣೆಗ್ರಂಥಿಗಳಲ್ಲಿ ಗಟ್ಟಿಯಾದದ್ದು ಕರಗಿ ಬರುತ್ತದೆ. ಕಣ್ಣಿನ ಡಾಕ್ಟರ್ ಹತ್ತಿರ ಹೋದಾಗ "ನನಗೆ ರೊಸೇಶಿಯಾ ಇದೆ, ಇಂಥ ಟ್ಯೂಬ್ ಹಚ್ಚುತ್ತಿದ್ದೆ" ಎಂದು ಮೊದಲು ಹೇಳಿ. ನೀವು ಹೇಳದಿದ್ದರೆ ಅವರಿಗೆ ಗೊತ್ತಾಗುವುದು ಕಷ್ಟ. ಬೆಳಕು ನೋಡಲು ಆಗದಷ್ಟು ನೋವಿದ್ದರೆ, ನೋಟ ಮಸುಕಾದರೆ ಸಂತೆ ದಿನದವರೆಗೆ ಕಾಯದೆ ಅಂದೇ ಹೋಗಿ.