ಒರಳಿನ ಗುಂಡಿನಂತೆ ತಿರುಗುವ ಪಾಲಿಶರ್

ಕಪ್ಪು ಕಾರಿನ ಬಾನೆಟ್ ಮೇಲೆ ಬಿಸಿಲು ಬಿದ್ದಾಗ ಸೂರ್ಯನ ಪ್ರತಿಬಿಂಬದ ಸುತ್ತ ಜೇಡರ ಬಲೆಯಂಥ ಉಂಗುರಗಳು ಕಾಣುತ್ತವೆ. ಡೀಟೇಲಿಂಗ್ ಮಾಡುವವರು, ಅಂದರೆ ಕಾರನ್ನು ತೊಳೆದು ಉಜ್ಜಿ ಹೊಳೆಯಿಸುವವರು, ಇವನ್ನು ಸ್ವರ್ಲ್ ಮಾರ್ಕ್ ಅನ್ನುತ್ತಾರೆ. ಬಟ್ಟೆಯನ್ನು ಗುಂಡಗೆ ಆಡಿಸಿದ್ದಕ್ಕೇ ಹೀಗಾಯಿತು, ನೇರವಾಗಿ ಒರೆಸಿದ್ದರೆ ಆಗುತ್ತಿರಲಿಲ್ಲ ಎಂಬ ನಂಬಿಕೆ ಬಹಳ ಗಟ್ಟಿ. ಹಾಗೆ ನಂಬುವವರು ತಲೆಯನ್ನು ಒಂದಡಿ ಪಕ್ಕಕ್ಕೆ ಸರಿಸಿ ನೋಡಲಿ. ಉಂಗುರಗಳೂ ಪ್ರತಿಬಿಂಬದ ಬೆನ್ನು ಹತ್ತಿ ಸರಿಯುತ್ತವೆ! ಬಣ್ಣದಲ್ಲಿ ಕೊರೆದ ಉಂಗುರ ಹೀಗೆ ನಡೆದಾಡುವುದುಂಟೆ?

ಅಲ್ಲಿರುವುದು ಎಲ್ಲ ದಿಕ್ಕಿಗೂ ಅಡ್ಡಾದಿಡ್ಡಿ ಬಿದ್ದ ಸಾವಿರಾರು ಸಣ್ಣ ಗೀರುಗಳು. ಪ್ರತಿ ಗೀರೂ ಬೆಳಕನ್ನು ತನ್ನ ಉದ್ದಕ್ಕೆ ಅಡ್ಡಲಾಗಿ ಚೆದುರಿಸುತ್ತದೆ. ಹಾಗಾಗಿ ಪ್ರತಿಬಿಂಬಕ್ಕೆ ಅಡ್ಡವಾಗಿ ನಿಂತ ಗೀರುಗಳು ಮಾತ್ರ ಕಣ್ಣಿಗೆ ಮಿನುಗುತ್ತವೆ, ಮಿಕ್ಕವು ಇದ್ದೂ ಕಾಣುವುದಿಲ್ಲ. ಮಿನುಗಿದವನ್ನೆಲ್ಲ ಕಣ್ಣು ಸಾಲಾಗಿ ಪೋಣಿಸಿದರೆ ಉಂಗುರ. ಬೂದಿ ಹಾಕಿ ತಿಕ್ಕಿದ ಹಳೆಯ ಸ್ಟೀಲ್ ತಟ್ಟೆಯನ್ನು ಬಲ್ಬಿನ ಕೆಳಗೆ ಹಿಡಿದರೂ ಇದೇ ಆಟ. ರಸ್ತೆಯ ಧೂಳಿನಲ್ಲಿ ಸ್ಫಟಿಕಶಿಲೆಯ ಕಣಗಳಿರುತ್ತವೆ, ಖನಿಜಗಳ ಗಡಸನ್ನು 1ರಿಂದ 10ರವರೆಗೆ ಅಳೆಯುವ ಮೋಸ್ ಮಾಪಕದಲ್ಲಿ ಅದರ ಗಡಸು 7. ಬೆಂಗಳೂರಿನ ಅಪಾರ್ಟ್‌ಮೆಂಟುಗಳಲ್ಲಿ ಒಂದೇ ಬಕೆಟ್ಟಿನ ನೀರು, ಒಂದೇ ಬಟ್ಟೆಯಲ್ಲಿ ಸಾಲು ಕಾರು ಒರೆಸುವಾಗ, ಬಟ್ಟೆ ಗುಂಡಗೆ ಆಡಲಿ ನೇರ ಆಡಲಿ, ಗೀರುವುದು ಈ ಕಣ.

ಇಷ್ಟು ತಿಳಿದರೆ ಪಾಲಿಶರನ್ನು, ಅಂದರೆ ಫೋಮ್ ಅಥವಾ ಉಣ್ಣೆಯ ಪ್ಯಾಡ್ ತಿರುಗಿಸಿ ಬಣ್ಣ ಉಜ್ಜುವ ಯಂತ್ರವನ್ನು, ಆರಿಸುವುದು ಅರ್ಧ ಮುಗಿದಂತೆ. ಗೀರನ್ನು ಯಾರೂ ‘ಅಳಿಸುವುದಿಲ್ಲ’. ಅದರ ಸುತ್ತಲಿನ ಕ್ಲಿಯರ್ ಕೋಟನ್ನು (ಬಣ್ಣದ ಮೇಲಿನ ಪಾರದರ್ಶಕ ಪದರ) ಗೀರಿನ ತಳದವರೆಗೆ ಸವೆಸುತ್ತೇವೆ, ಆಗ ಹೊಸ ಗೀರುಗಳು ಬೀಳುತ್ತವೆ, ಅವು ಕಾಣದಷ್ಟು ಸಣ್ಣವಾಗಿರಬೇಕು. ಗಾಜಿಗೆ ಪಾಲಿಶ್ ಮಾಡುವುದೆಂದರೆ ಗೀರುಗಳನ್ನು ಕಣ್ಣಿಗೆ ಬೀಳದಷ್ಟು ನಯ ಮಾಡುವುದಷ್ಟೇ ಎಂದು ನ್ಯೂಟನ್ 1704ರಲ್ಲೇ ಬರೆದಿದ್ದ. ಇಪ್ಪತ್ತನೇ ಶತಮಾನದ ಆರಂಭದಲ್ಲಿ ಬ್ರಿಟಿಷ್ ರಸಾಯನವಿಜ್ಞಾನಿ ಜಾರ್ಜ್ ಬೀಲ್ಬಿ ಇದನ್ನು ಒಪ್ಪಲಿಲ್ಲ. ಉಜ್ಜಿದಾಗ ಮೇಲ್ಪದರ ದ್ರವದಂತೆ ಹರಿದು ಗೀರು ತುಂಬುತ್ತದೆ ಎಂದ. 1937ರಲ್ಲಿ ಬೌಡನ್ ಮತ್ತು ಹ್ಯೂಸ್ ಎಂಬ ವಿಜ್ಞಾನಿಗಳು ಒಂದು ಸೊಗಸಾದ ಪ್ರಯೋಗ ಮಾಡಿದರು: ಸುಮಾರು 70 ಡಿಗ್ರಿಗೇ ಕರಗುವ ವುಡ್ಸ್ ಮಿಶ್ರಲೋಹಕ್ಕೆ ಕರ್ಪೂರದಿಂದ ಹೊಳಪು ಬಂತು. ಆರತಿ ತಟ್ಟೆಯ ಮೆತ್ತನೆ ಕರ್ಪೂರವೇ! ಅದು ಕರಗುವುದು 175 ಡಿಗ್ರಿ ದಾಟಿದ ಮೇಲೆ, ಆದ್ದರಿಂದ ಉಜ್ಜುವ ಬಿಸಿಗೆ ಮೊದಲು ಸೋತದ್ದು ಲೋಹ. ಬೀಲ್ಬಿಯ ಮಾತಿಗೆ ಇದರಿಂದ ಬಲ ಬಂತು. ಆದರೆ ಸಾಮಾನ್ಯ ಪಾಲಿಶಿಂಗ್‌ನಲ್ಲಿ ನಡೆಯುವುದು ಬಹುಪಾಲು ಕತ್ತರಿಸುವ ಕೆಲಸವೇ ಎಂಬುದು ಆಮೇಲೆ ಖಚಿತವಾಯಿತು, ನ್ಯೂಟನ್ ಮಾತೇ ಗೆದ್ದಿತು.

ಈ ಹಳೆಯ ಜಗಳವನ್ನು ಎತ್ತಲು ಕಾರಣವಿದೆ. ‘ಪ್ಯಾಡ್ ಒತ್ತಿ ಬಿಸಿ ಮಾಡಿದರೆ ಬಣ್ಣ ಕರಗಿ ಗೀರು ಮುಚ್ಚಿಕೊಳ್ಳುತ್ತದೆ’ ಎಂಬ ಮಾತು ಇವತ್ತಿಗೂ ವರ್ಕ್‌ಶಾಪುಗಳಲ್ಲಿ ಓಡಾಡುತ್ತಿದೆ. ಚನ್ನಪಟ್ಟಣದ ಬೊಂಬೆಗೆ ಅದು ಸರಿ. ತಿರುಗುವ ಮರಕ್ಕೆ ಅರಗಿನ ಕಡ್ಡಿ ಒತ್ತಿದರೆ ಘರ್ಷಣೆಯ ಬಿಸಿಗೆ ಅರಗು ಕರಗಿ ಹರಡುತ್ತದೆ. ಕ್ಲಿಯರ್ ಕೋಟಿನ ಅಣುಗಳು ಒಂದಕ್ಕೊಂದು ಹೆಣೆದುಕೊಂಡಿವೆ. ಅದು ಬಿಸಿಗೆ ಮೆದುವಾದೀತು, ಸುಟ್ಟೀತು, ಕರಗಿ ಹರಿಯದು. ದಪ್ಪವಾದರೂ ಎಷ್ಟು? ಸುಮಾರು 35ರಿಂದ 50 ಮೈಕ್ರಾನ್, ಅಂದರೆ ತಲೆಗೂದಲಿಗಿಂತ ತೆಳು. ಒಮ್ಮೆ ಸವೆದದ್ದು ಮತ್ತೆ ಬೆಳೆಯುವುದಿಲ್ಲ.

ಇನ್ನು ಯಂತ್ರ. ರೋಟರಿ ಪಾಲಿಶರ್ ಬೀಸುಕಲ್ಲಿನಂತೆ. ಒಂದೇ ಗೂಟ, ಅದರ ಸುತ್ತ ಒಂದೇ ತಿರುಗು. 150 ಮಿ.ಮೀ. ಪ್ಯಾಡ್ ನಿಮಿಷಕ್ಕೆ 1500 ಸುತ್ತು ತಿರುಗಿದರೆ ಅಂಚಿನ ವೇಗ ಸೆಕೆಂಡಿಗೆ ಸುಮಾರು 12 ಮೀಟರ್, ನಟ್ಟನಡುವೆ ಸೊನ್ನೆ. ಅಂಚು ಕೊರೆಯುತ್ತದೆ, ನಡು ಸುಮ್ಮನೆ ಕೂತಿರುತ್ತದೆ. ಹೊಸ ಗೀರುಗಳೆಲ್ಲ ಒಂದೇ ಬಗೆಯ ಕಮಾನಿನಲ್ಲಿ ಸಾಲುಗಟ್ಟುತ್ತವೆ. ನೆರಳಿನಲ್ಲಿ ಕನ್ನಡಿಯಂತಿದ್ದ ಬಾಗಿಲು ಬಿಸಿಲಿಗೆ ಬಂದಾಗ ಅಲೆಅಲೆಯಾಗಿ ಕಾಣುವುದು ಇದಕ್ಕೇ. ಅದನ್ನೇ ಹೋಲೋಗ್ರಾಮ್ ಅನ್ನುವುದು.

ಡ್ಯುಯಲ್ ಆಕ್ಷನ್, ಅಂದರೆ ಡಿಎ ಪಾಲಿಶರ್, ಒರಳಿನಲ್ಲಿ ಹಿಟ್ಟು ರುಬ್ಬುವ ಗುಂಡಿನಂತೆ. ರುಬ್ಬುವಾಗ ಕೈ ಗುಂಡಿನ ತಲೆಯನ್ನು ಹಿಡಿದು ಸುತ್ತು ಹೊಡೆಸುತ್ತದೆ, ಗುಂಡು ಅಂಗೈಯೊಳಗೆ ತನ್ನ ಪಾಡಿಗೆ ತಾನೂ ತಿರುಗುತ್ತದೆ. ಹಿಟ್ಟು ಗಟ್ಟಿಯಾದರೆ ಆ ಸ್ವಂತ ತಿರುಗು ನಿಂತುಹೋಗುತ್ತದೆ, ಕೈಯ ಸುತ್ತು ಮಾತ್ರ ಉಳಿಯುತ್ತದೆ. ಡಿಎಯಲ್ಲಿ ಕೈ ಇರುವ ಜಾಗದಲ್ಲಿ ನಡುವಿನಿಂದ ತುಸು ಸರಿದ ಒಂದು ಅಚ್ಚು ಇದೆ, ಪ್ಯಾಡ್ ಒಂದು ಬೇರಿಂಗ್ ಮೇಲೆ ಸ್ವತಂತ್ರವಾಗಿ ತೂಗುತ್ತದೆ. ಎರಡು ಚಲನೆ ಬೆರೆತು ಪ್ರತಿ ಕಣದ ದಾರಿಯೂ ರಂಗೋಲಿಯ ಎಳೆಯಂತೆ ಸುತ್ತಿಬಳಸುತ್ತದೆ, ಹಿಂದಿನ ಎಳೆಯ ಮೇಲೆ ಮತ್ತೆ ಬೀಳುವುದು ಅಪರೂಪ. ಗೀರುಗಳಿಗೆ ಒಂದು ದಿಕ್ಕೇ ಸಿಗುವುದಿಲ್ಲ. ಸಣ್ಣ ಗೀರು, ಅದೂ ದಿಕ್ಕಿಲ್ಲದ ಗೀರು: ಹೊಳಪಿನ ಗುಟ್ಟು ಇಲ್ಲಿದೆ.

ಸುತ್ತಿನ ಅಡ್ಡಳತೆಯನ್ನು ಥ್ರೋ ಅನ್ನುತ್ತಾರೆ. 8, 15, 21 ಮಿ.ಮೀ. ಯಂತ್ರಗಳು ಹೆಚ್ಚು ಬಳಕೆಯಲ್ಲಿವೆ. ನಿಮಿಷಕ್ಕೆ 4000 ಸುತ್ತು ಹಿಡಿದು ಲೆಕ್ಕ ಹಾಕಿದರೆ ಸುತ್ತಾಟದ ವೇಗ ಕ್ರಮವಾಗಿ ಸೆಕೆಂಡಿಗೆ 1.7, 3.1, 4.4 ಮೀಟರ್. ಪ್ಯಾಡಿನ ನಡುವಿಗೂ ಅಂಚಿಗೂ ಇದು ಒಂದೇ. ಎಷ್ಟು ಸವೆಯುತ್ತದೆ ಎಂಬುದು ಒತ್ತಡ ಮತ್ತು ವೇಗಗಳ ಗುಣಲಬ್ಧಕ್ಕೆ ತಕ್ಕಂತೆ ಎಂದು 1927ರಲ್ಲಿ ಪ್ರೆಸ್ಟನ್ ಎಂಬ ವಿಜ್ಞಾನಿ ಗಾಜಿನ ವಿಷಯದಲ್ಲಿ ತೋರಿಸಿದ್ದ. ಇದನ್ನು ಕೇಳಿ ಯಂತ್ರದ ಮೇಲೆ ಮೈಭಾರ ಹಾಕುವವರಿದ್ದಾರೆ. ಹಾಕಿದರೆ ಗಟ್ಟಿ ಹಿಟ್ಟಿನ ಗತಿಯೇ: ಪ್ಯಾಡಿನ ತಿರುಗು ನಿಂತು ಬರೀ ನಡುಕ ಉಳಿಯುತ್ತದೆ, ಕೊರೆತ ಕುಸಿಯುತ್ತದೆ, ಬಿಸಿ ಒಂದೇ ಕಡೆ ಕೂರುತ್ತದೆ. ಬ್ಯಾಕಿಂಗ್ ಪ್ಲೇಟಿನ (ಪ್ಯಾಡ್ ಅಂಟಿಸುವ ತಟ್ಟೆ) ಅಂಚಿಗೆ ಕಪ್ಪು ಮಾರ್ಕರ್‌ನಿಂದ ಒಂದು ಗೆರೆ ಎಳೆದಿಡಿ. ಗೆರೆ ಮಸುಕಾಗಿ ಸುತ್ತುತ್ತಿದ್ದರೆ ಸರಿ, ನಿಂತಲ್ಲೇ ನಡುಗುತ್ತಿದ್ದರೆ ಕೈ ಸಡಿಲಿಸಿ. ಬಾಗಿದ ಜಾಗಗಳಲ್ಲಿ ಗೆರೆ ಬೇಗ ನಿಲ್ಲುತ್ತದೆ, ದೊಡ್ಡ ಥ್ರೋ ಇದ್ದರೆ ಇನ್ನೂ ಬೇಗ.

ಮೊದಲ ಯಂತ್ರವಾಗಿ 15 ಮಿ.ಮೀ. ಥ್ರೋ, 5 ಇಂಚಿನ ಪ್ಲೇಟು ಸಾಕು. ಇಟಲಿಯ ರೂಪೆಸ್ ಕಂಪನಿಯ ಎಲ್‌ಎಚ್‌ಆರ್15 ಈ ಅಳತೆಯದು, ಎಲ್‌ಎಚ್‌ಆರ್21 ಅಗಲವಾದ ಚಪ್ಪಟೆ ಬಾನೆಟ್ಟುಗಳಿಗೆ. ಜರ್ಮನಿಯ ಫ್ಲೆಕ್ಸ್ ಎಕ್ಸ್‌ಸಿ 3401 ಬೇರೆ ಜಾತಿ. ಅದರ ತಿರುಗನ್ನು ಹಲ್ಲುಚಕ್ರ ಬಲವಂತವಾಗಿ ನಡೆಸುತ್ತದೆ, ಒತ್ತಿದರೂ ನಿಲ್ಲದು, ಅದಕ್ಕೇ ಬಿಸಿಯ ಮೇಲೆ ಹೆಚ್ಚು ಕಣ್ಣಿಡಬೇಕು. ಸ್ಯಾಂಡ್‌ಪೇಪರ್ ಗುರುತು ತೆಗೆಯುವ ಕೆಲಸಕ್ಕೆ ಉಣ್ಣೆ ಪ್ಯಾಡ್ ಹಾಕಿದ ರೋಟರಿ ಇವತ್ತಿಗೂ ಬೇಕು. ಕಲಿಯುವವರ ಕೈಗೆ ಅದು ಬೇಡ.

ಹಣ ಉಳಿದರೆ ಪ್ಯಾಡಿಗೆ ಹಾಕಿ. ಕಾರಿಗೆ ತಗಲುವುದು ಪ್ಯಾಡ್, ಯಂತ್ರವಲ್ಲ. ಮೈಕ್ರೋಫೈಬರ್ ಪ್ಯಾಡ್ ಹೆಚ್ಚು ಕೊರೆದು ಮಬ್ಬು ಬಿಡುತ್ತದೆ, ಗಟ್ಟಿ ಫೋಮ್ ಅದಕ್ಕಿಂತ ಕಡಿಮೆ, ಮೆತ್ತನೆ ಫೋಮ್ ಕೊನೆಯ ಕೈಗೆ. ಬಣ್ಣ ನೋಡಿ ಕೊಳ್ಳುವುದು ಇಲ್ಲಿಯ ದೊಡ್ಡ ಅಪಾಯ. ರೂಪೆಸ್‌ನಲ್ಲಿ ಹಳದಿ ನಯವಾದ ಪ್ಯಾಡ್, ಲೇಕ್ ಕಂಟ್ರಿ ಕಂಪನಿಯಲ್ಲಿ ಹಳದಿಯೆಂದರೆ ಕೊರೆಯುವ ಪ್ಯಾಡ್. ರೂಪೆಸ್‌ನ ನೀಲಿ ಒರಟು, ಲೇಕ್ ಕಂಟ್ರಿಯ ಹಳೆಯ ಸರಣಿಯ ನೀಲಿ ಅತಿ ಮೃದು. ಪೂರ್ತಿ ವಿರುದ್ಧ! ಒಂದು ಕಾರಿಗೆ ಕೊರೆಯುವ ಪ್ಯಾಡ್ ಮೂರು ನಾಲ್ಕು, ನಯಗೊಳಿಸುವವು ಎರಡು, ಕಿಟಕಿಗಳ ನಡುವಿನ ಕಂಬ ಮತ್ತು ಬಂಪರ್ ಸಂದಿಗಳಿಗೆ 3 ಇಂಚಿನವು ಎರಡು ಇರಲಿ. ಒಂದೇ ಪ್ಯಾಡಿನಲ್ಲಿ ಇಡೀ ಕಾರು ಮುಗಿಸಿದರೆ ನಾಲ್ಕನೇ ಬಾಗಿಲಿನ ಹೊತ್ತಿಗೆ ಅದು ತೊಯ್ದು ಮುದ್ದೆಯಾಗಿ, ಸವೆದ ಬಣ್ಣದ ಪುಡಿಯನ್ನೇ ಮತ್ತೆ ಉಜ್ಜುತ್ತಿರುತ್ತದೆ.

ಪ್ಯಾಡಿಗೆ ಹಚ್ಚಿ ಉಜ್ಜುವ ಲೇಪಕ್ಕೆ ಕಾಂಪೌಂಡ್ ಅನ್ನುತ್ತಾರೆ. ಅದರ ಬ್ರ್ಯಾಂಡಿಗೆ ಜನ ಕೊಡುವಷ್ಟು ಮಹತ್ವ ನಾನು ಕೊಡುವುದಿಲ್ಲ. ಒಳ್ಳೆಯ ಕಾಂಪೌಂಡುಗಳ ಮುಖ್ಯ ಕಣ ಅಲ್ಯೂಮಿನಿಯಂ ಆಕ್ಸೈಡ್. ಕಣದ ಅಳತೆ ಒಂದೇ ಸಮ ಇರುವುದು, ಒಣಗದಂತೆ ಕಾಯುವ ಎಣ್ಣೆ ಇವೆರಡರಲ್ಲೇ ವ್ಯತ್ಯಾಸ. ಮೆಂಜೆರ್ನಾ 400 ಕೊರೆಯಲು, 3800 ಮುಗಿಸಲು. ಮೆಗ್ವಾಯರ್ಸ್ ಎಂ105 ಮತ್ತು ಎಂ205, ಕಾಖ್ ಕೆಮಿಯ ಎಚ್9 ಮತ್ತು ಎಂ3 ಕೂಡ ಅಂಥದೇ ಜೋಡಿಗಳು. ಯಾವುದೋ ಒಂದು ಜೋಡಿ ಹಿಡಿದು ಅದನ್ನೇ ಕಲಿಯಿರಿ. ಟೂತ್‌ಪೇಸ್ಟ್ ಬೇಡ, ಅದರ ಕಣಗಳು ಹಲ್ಲಿಗಾಗಿ ಅಳೆದವು. ಬಣ್ಣದ ರಕ್ಷಣೆಗೆಂದು ಹಚ್ಚುವ ಸಿರಾಮಿಕ್ ಕೋಟಿಂಗ್ ಡಬ್ಬಿಯ ‘9ಎಚ್’ ಪೆನ್ಸಿಲಿನಿಂದ ಗೀರಿ ಅಳೆದ ಗಡಸಿನ ಅಂಕ, ಮೋಸ್ ಮಾಪಕದ 9 ಅಲ್ಲ. ಧೂಳಿನ ಗೀರನ್ನು ಅದು ತಡೆಯದು.

ಕೆಲಸಕ್ಕೆ ಇಳಿಯುವ ಮುನ್ನ ತೊಳೆದು, ಕಬ್ಬಿಣದ ಕಣ ಕರಗಿಸುವ ಐರನ್ ರಿಮೂವರ್ ಸಿಂಪಡಿಸಿ, ಅಂಟಿದ ಕೊಳೆ ಎತ್ತುವ ಕ್ಲೇ ಮುದ್ದೆ ಆಡಿಸಿ, ರಬ್ಬರ್ ಬೀಡಿಂಗ್ ಮತ್ತು ಚೂಪಾದ ಅಂಚುಗಳಿಗೆ ಟೇಪ್ ಹಚ್ಚಿ. ಅಂಚಿನಲ್ಲಿ ಕ್ಲಿಯರ್ ಕೋಟ್ ತೆಳು, ಸುಡುವುದು ಅಲ್ಲೇ ಮೊದಲು. ಪ್ಲಾಸ್ಟಿಕ್ ಬಂಪರ್ ಬಿಸಿಯನ್ನು ಹರಿಯಗೊಡುವುದಿಲ್ಲ, ಅಲ್ಲಿ ವೇಗ ತಗ್ಗಿಸಿ. ಉಗುರು ಸಿಕ್ಕಿಕೊಳ್ಳುವ ಗೀರನ್ನು ಬಿಟ್ಟುಬಿಡಿ, ಅದರ ತಳ ಮುಟ್ಟುವಷ್ಟು ಕ್ಲಿಯರ್ ಕೋಟ್ ಇರಲಾರದು.

ಮೊದಲು ಒಂದು ಪರೀಕ್ಷಾ ಚೌಕ, 45 ಸೆಂ.ಮೀ. ಸಾಕು. ಬಟಾಣಿ ಗಾತ್ರದ ನಾಲ್ಕು ಹನಿ ಕಾಂಪೌಂಡ್, ಯಂತ್ರದ ವೇಗ 4 ಅಥವಾ 5ರಲ್ಲಿ, ಕೈ ಸೆಕೆಂಡಿಗೆ 2–3 ಸೆಂ.ಮೀ., ಪ್ರತಿ ಸಾಲು ಹಿಂದಿನ ಸಾಲಿನ ಅರ್ಧದ ಮೇಲೆ ಬರುವಂತೆ ಹಾಸು ಹೊಕ್ಕಾಗಿ ನಾಲ್ಕರಿಂದ ಆರು ಸಲ. ಶುರು ಮಾಡುವಾಗ ಮೆತ್ತನೆ ಪ್ಯಾಡ್ ಮತ್ತು ನಯವಾದ ಕಾಂಪೌಂಡ್, ಸಾಲದಿದ್ದರೆ ಮಾತ್ರ ಒರಟು. ಪ್ರತಿ ಚೌಕ ಮುಗಿದ ಮೇಲೆ ಪ್ಯಾಡಿಗೆ ಬ್ರಷ್. ಹತ್ತು ಚದರ ಮೀಟರಿನ ಕಾರಿಗೆ ಇಂಥ ಐವತ್ತು ಚೌಕ ಆಗುತ್ತದೆ, ಒಂದು ದಿನದಲ್ಲಿ ಮುಗಿಸುವ ಹಟ ಬೇಡ.

ಒರೆಸಿದ ಕೂಡಲೇ ಕಾಣುವ ಹೊಳಪನ್ನು ನಂಬಬೇಡಿ. ಕಾಂಪೌಂಡಿನ ಎಣ್ಣೆ ಗೀರಿನೊಳಗೆ ಕೂತು ಅದನ್ನು ಮುಚ್ಚಿರುತ್ತದೆ. ಐಸೊಪ್ರೊಪೈಲ್ ಆಲ್ಕೊಹಾಲನ್ನು ನೀರಿನಲ್ಲಿ ತೆಳುಮಾಡಿ ಒರೆಸಿ, ಒಂದು ಚಿಕ್ಕ ಎಲ್‌ಇಡಿ ಟಾರ್ಚ್ ಹಿಡಿದು ತಲೆ ಅತ್ತಿತ್ತ ಆಡಿಸಿ. ಬೆಳಕಿನ ಬಿಂದುವಿನ ಸುತ್ತ ಬಲೆ ಮತ್ತೆ ಎದ್ದರೆ ಆ ಚೌಕಕ್ಕೆ ಇನ್ನೊಂದು ಸುತ್ತು ಬೇಕು.