ಮೇಲೊಂದು ಪದರ ಹಾಕಿಬಿಡಿ ಅನ್ನುವವರಿಗೆ

"ಮೇಲೊಂದು ಪದರ ಫೈಬರ್ ಹಾಕಿಬಿಡಿ, ಸಾಕು." ಮೀನುಗಾರಿಕೆ ಬೋಟಿನ ಮಾಲೀಕರು ರಿಪೇರಿಗೆ ಬಂದು ಮೊದಲು ಹೇಳುವ ಮಾತು ಇದೇ. ಬಿರುಕು ಎಷ್ಟು ಆಳ, ಒಳಗೆ ನೀರು ಹೋಗಿದೆಯಾ, ಇದೆಲ್ಲ ಆಮೇಲಿನ ಮಾತು. ನಾನು ಗ್ರೈಂಡರ್ ಕೈಗೆತ್ತಿಕೊಂಡ ಕೂಡಲೇ ಅವರ ಮುಖ ಸಣ್ಣದಾಗುತ್ತದೆ. ತೂತು ಮುಚ್ಚೋಕೆ ಕರೆದರೆ ಇವನು ದೊಡ್ಡದು ಮಾಡ್ತಾನಲ್ಲ ಅಂತ.

ಹೌದು, ದೊಡ್ಡದು ಮಾಡುತ್ತೇನೆ. ಫೈಬರ್ ಅಂದರೆ ಗಾಜಿನ ನೂಲು, ಅದನ್ನು ಹಿಡಿದಿಡುವ ಅಂಟುದ್ರವವೇ ರೆಸಿನ್. ಪಾಲಿಯೆಸ್ಟರ್ ರೆಸಿನ್‌ಗೆ ಹಾರ್ಡನರ್ ಬೆರೆಸಿದರೆ ಅದರ ಕಣಗಳು ಒಂದರ ಕೈ ಒಂದು ಹಿಡಿದುಕೊಂಡು ಗಟ್ಟಿಯಾಗುತ್ತವೆ. ಹೊಸ ಬೋಟು ಕಟ್ಟುವಾಗ ಒಂದು ಪದರ ಪೂರ್ತಿ ಗಟ್ಟಿಯಾಗುವ ಮುಂಚೆಯೇ ಇನ್ನೊಂದು ಹಾಕುತ್ತೇವೆ. ಆಗ ಖಾಲಿ ಕೈಗಳು ಇನ್ನೂ ಇರುತ್ತವೆ, ಎರಡೂ ಸೇರಿ ಒಂದೇ ಮೈಯಾಗುತ್ತದೆ. ಹತ್ತು ವರ್ಷದ ಹಳೇ ಬೋಟಿನಲ್ಲಿ ಖಾಲಿ ಕೈ ಎಲ್ಲಿಂದ ಬರಬೇಕು? ಅಲ್ಲಿ ಹೊಸ ಪದರ ಬೆರೆಯುವುದಿಲ್ಲ, ಸುಮ್ನೆ ಅಂಟಿಕೊಂಡಿರುತ್ತದೆ. ಹಳೇ ಮೈ ಮೇಲೆ ಗೀರು ಎಷ್ಟಿದೆಯೋ ಅಷ್ಟೇ ಹಿಡಿತ. ಜೊತೆಗೆ ಬಣ್ಣ, ಡೀಸೆಲ್, ಮೀನಿನೆಣ್ಣೆ, ಒಳಮೈಯ ಕೊನೇ ಕೋಟಿನಲ್ಲಿ ಮೇಣ. ಅದಕ್ಕೇ ಮೊದಲು ಅಸಿಟೋನ್‌ನಲ್ಲಿ ಒರೆಸಿ, ಆಮೇಲೆ ಉಜ್ಜಬೇಕು. ಉಲ್ಟಾ ಮಾಡಿದರೆ ಎಣ್ಣೆಯನ್ನು ನಾವೇ ನೂಲಿನೊಳಗೆ ತುರುಕಿದಂತೆ.

ಈಗ ಇಳಿಜಾರಿನ ವಿಷಯ. ಇದನ್ನು ಎಷ್ಟು ಸಲ ಹೇಳಿದ್ದೇನೋ! ತೂತಿನ ಅಂಚನ್ನು ನೆಟ್ಟಗೆ ಕತ್ತರಿಸಿ ತೇಪೆ ಕೂರಿಸಿದರೆ ಅಲೆಯ ಹೊಡೆತವೆಲ್ಲ ಆ ಒಂದು ಗೆರೆಯ ಮೇಲೆ ಬೀಳುತ್ತದೆ. ಅದೇ ಅಂಚನ್ನು ಉದ್ದಕ್ಕೆ ಸವೆಸಿ ಇಳಿಜಾರು ಮಾಡಿದರೆ ಭಾರ ಹಳೆಯದರಿಂದ ಹೊಸದಕ್ಕೆ ನಿಧಾನವಾಗಿ ದಾಟುತ್ತದೆ. ದಪ್ಪದ 12 ಪಟ್ಟು ಇಳಿಜಾರು ಅನ್ನುವುದು ನಮ್ಮಲ್ಲಿ ಸಾಮಾನ್ಯ ಲೆಕ್ಕ. ಮೈ 6 ಮಿಲಿಮೀಟರ್ ದಪ್ಪ ಇದ್ದರೆ ಸುತ್ತಲೂ 72 ಮಿಲಿಮೀಟರ್. ಅಂದರೆ 10 ಸೆಂಟಿಮೀಟರ್ ತೂತಿಗೆ 24 ಸೆಂಟಿಮೀಟರಿಗೂ ಜಾಸ್ತಿ ಅಗಲದ ತೇಪೆ. ಜಾಗ ಸಿಗದ ಕಡೆ ಸ್ವಲ್ಪ ಕಡಿಮೆ ಮಾಡಬೇಕಾಗುತ್ತದೆ, ಅದನ್ನು ಸ್ಥಳ ನೋಡಿಯೇ ಹೇಳಬೇಕು. ಒಳಗೆ ಮರ ಅಥವಾ ಫೋಮ್ ತುಂಬಿದ ಮೈಯಾದರೆ ಲೆಕ್ಕವೇ ಬೇರೆ.

ಇನ್ನೊಂದು, ರೆಸಿನ್ ಜಾಸ್ತಿ ಸುರಿದರೆ ಗಟ್ಟಿ ಅಂತ ಅಂದುಕೊಳ್ಳಬೇಡಿ. ಗಟ್ಟಿ ಕೊಡುವುದು ಗಾಜಿನ ನೂಲು.

ಒಬ್ಬ ಮಾಲೀಕರು ನನ್ನ ಮಾತು ಕೇಳದೆ ಬೇರೆ ಕಡೆ ಒಂದೇ ದಿನದಲ್ಲಿ ಕೆಲಸ ಮುಗಿಸಿಕೊಂಡರು. ಒಳ್ಳೆಯ ಮನುಷ್ಯ, ಆದರೆ ಮೀನಿನ ಸೀಸನ್ ಅಂದರೆ ಕಾಲು ನಿಲ್ಲುವುದಿಲ್ಲ. ಕೆಲವೇ ತಿಂಗಳಿಗೆ ವಾಪಸ್ ಬಂದರು. ತೇಪೆಯ ಮೂಲೆಗೆ ಸ್ಕ್ರೂಡ್ರೈವರ್ ಹಾಕಿ ಎತ್ತಿದೆ. ಇಡೀ ತೇಪೆ ಒಂದೇ ಹಾಳೆಯಾಗಿ ಕೈಗೆ ಬಂತು. ಅದರ ಹಿಂಬದಿಯಲ್ಲಿ ನೀಲಿ ಬಣ್ಣ, ಬೋಟಿನ ನಂಬರಿನ ಎರಡು ಅಂಕಿ ತಿರುಗುಮುರುಗಾಗಿ ಮೂಡಿದ್ದವು! ಇಬ್ಬರೂ ಸ್ವಲ್ಪ ಹೊತ್ತು ಸುಮ್ಮನೆ ನೋಡಿದೆವು. ಆಮೇಲೆ ಅವರೇ ನಕ್ಕರು.

ಲೈಫ್‌ಬೋಟಿನಲ್ಲಿ ಈ ನಗು ಇಲ್ಲ. ಮೀನು ಹಿಡಿಯುವ ಬೋಟು ದಿನಾ ನೀರಿಗಿಳಿಯುತ್ತದೆ, ತಪ್ಪು ಬೇಗ ಗೊತ್ತಾಗುತ್ತದೆ. ಲೈಫ್‌ಬೋಟು ವರ್ಷಗಟ್ಟಲೆ ಬಿಸಿಲಲ್ಲಿ ನೇತಾಡಿಕೊಂಡು, ನಿಜವಾಗಿ ಬೇಕಾದ ದಿನ ಜನ ತುಂಬಿಕೊಂಡು ಇಳಿಯಬೇಕು. ಜನ, ಸಾಮಾನು ಎಲ್ಲ ತುಂಬಿದಾಗಲೂ 3 ಮೀಟರ್ ಎತ್ತರದಿಂದ ನೀರಿಗೆ ಬಿದ್ದರೆ, ಹಡಗಿನ ಮೈಗೆ ಸೆಕೆಂಡಿಗೆ 3.5 ಮೀಟರ್ ವೇಗದಲ್ಲಿ ಬಡಿದರೆ ತಡೆಯಬೇಕು ಅನ್ನುತ್ತದೆ ಎಲ್‌ಎಸ್‌ಎ ಕೋಡ್, ಅಂದರೆ ಹಡಗಿನ ಜೀವರಕ್ಷಕ ಸಾಧನಗಳ ಅಂತರರಾಷ್ಟ್ರೀಯ ನಿಯಮಾವಳಿ. ಮೈ ಸುಲಭಕ್ಕೆ ಬೆಂಕಿ ಹಿಡಿಯಲೂಬಾರದು. ಅಂಗಡಿಯ ಮಾಮೂಲಿ ರೆಸಿನ್‌ನಲ್ಲಿ ತೇಪೆ ಹಾಕಿದರೆ ಆ ಗುಣ ಅಲ್ಲಿಗೆ ಹೋಯಿತು, ಅಲ್ವಾ? 2020ರ ಜನವರಿ 1ರಿಂದ ಇವುಗಳ ದೊಡ್ಡ ತಪಾಸಣೆ, ರಿಪೇರಿಗಳನ್ನು ಅನುಮತಿ ಪಡೆದವರೇ ಮಾಡಬೇಕು ಎಂಬ ನಿಯಮವೂ ಇದೆ.

ಒಮ್ಮೆ ಹಡಗೊಂದರಲ್ಲಿ ಲೈಫ್‌ಬೋಟಿಗೆ ಹೊಸದಾಗಿ ಕಿತ್ತಳೆ ಬಣ್ಣ ಹೊಡೆದಿದ್ದರು, ಬೋಟನ್ನು ನೇತುಹಾಕುವ ಕೊಕ್ಕೆಯ ಬುಡದಲ್ಲಿ ಮಾತ್ರ ಸ್ವಲ್ಪ ದಪ್ಪವಾಗಿ. ಸಣ್ಣ ಸುತ್ತಿಗೆಯಿಂದ ತಟ್ಟುತ್ತಾ ಹೋದೆ. ಬೇರೆಲ್ಲ ಕಡೆ ಟಣ್ ಟಣ್. ಅಲ್ಲಿ ಡಬ್. ಬಣ್ಣ ಕೆರೆದರೆ ಕೆಳಗೆ ಪುಟ್ಟಿ, ಪುಟ್ಟಿಯ ಕೆಳಗೆ ಬೆರಳುದ್ದ ಬಿರುಕು. ಬಣ್ಣ ಹೊಡೆದ ಹುಡುಗ ಪಕ್ಕದಲ್ಲೇ ನಿಂತಿದ್ದ. ಈ ಬೋಟಿನಲ್ಲಿ ನಿನ್ನ ಸೀಟು ಯಾವುದು ಅಂತ ಕೇಳಿದೆ. ಕೊಕ್ಕೆಯ ಪಕ್ಕದ್ದನ್ನೇ ತೋರಿಸಿದ.