ಅರುವತ್ತಕ್ಕೆ ಅರಳುಮರಳು: ನಂಬಿದರೆ ಏನಾಗುತ್ತದೆ?

ಮೊಮ್ಮಗ ಬೈಕಿನ ಕೀ ಎಲ್ಲಿಟ್ಟೆ ಅಂತ ಮನೆಯೆಲ್ಲ ಹುಡುಕಿದರೆ, ಪಾಪ, ಕೆಲಸದ ಟೆನ್ಷನ್. ಅಜ್ಜ ಕನ್ನಡಕ ಹುಡುಕಿದರೆ ಅರಳುಮರಳು! ಮಂಗಳೂರಿನ ಸಿಟಿ ಬಸ್ಸಿನಿಂದ ಉಡುಪಿಯ ಬ್ಯಾಂಕ್ ಕೌಂಟರಿನವರೆಗೆ ಇದೇ ಲೆಕ್ಕ. 'ಅಜ್ಜೀ, ನಿಮಗೆ ಗೊತ್ತಾಗ್ಲಿಕ್ಕಿಲ್ಲ, ಮಗನನ್ನು ಕರ್ಕೊಂಡು ಬನ್ನಿ.' ಹೇಳಿದವರ ಮನಸ್ಸಲ್ಲಿ ಕೆಟ್ಟದ್ದೇನೂ ಇರುವುದಿಲ್ಲ. ಕೇಳಿದವರು ಅದನ್ನು ನಂಬಿಬಿಡುತ್ತಾರೆ, ತೊಂದರೆ ಅಲ್ಲಿರುವುದು.

ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಬೆಕಾ ಲೆವಿ ಈ ನಂಬಿಕೆಯನ್ನೇ ದಶಕಗಳಿಂದ ಅಳೆಯುತ್ತಿದ್ದಾರೆ. 1996ರ ಅವರ ಪ್ರಯೋಗದಲ್ಲಿ, ಮುಪ್ಪಿನ ಕುರಿತ ಪದಗಳು ಓದಲಾಗದಷ್ಟು ಬೇಗ ಪರದೆಯ ಮೇಲೆ ಮಿಂಚಿ ಹೋಗುತ್ತಿದ್ದವು. ಕೆಲವರಿಗೆ ಒಳ್ಳೆಯ ಪದ, ಕೆಲವರಿಗೆ ಕೆಟ್ಟವು. ಕೆಟ್ಟ ಪದ ಮಿಂಚಿದ ಹಿರಿಯರು ನೆನಪಿನ ಪರೀಕ್ಷೆಯಲ್ಲಿ ಹಿಂದೆ ಬಿದ್ದರು. ಯುವಜನರಿಗೆ ಹಾಗಾಗಲಿಲ್ಲ. ಲೆವಿ ಹೇಳುವುದಿಷ್ಟು: ಇಂಥ ಮಾತುಗಳು ಚಿಕ್ಕಂದಿನಲ್ಲೇ ಒಳಗೆ ಇಳಿದಿರುತ್ತವೆ. ಆಗ ಅದು ಬೇರೆಯವರ ವಿಷಯ, ಯಾರೂ ತಡೆಯುವುದಿಲ್ಲ. ತಲೆ ನರೆತ ಮೇಲೆ ಅದೇ ಮಾತು ನಮಗೇ ತಗಲುತ್ತದೆ.

ಮಿಂಚುವ ಪದಗಳ ಪ್ರಯೋಗಗಳ ಬಗ್ಗೆ ಮನಃಶಾಸ್ತ್ರಜ್ಞರಲ್ಲೇ ತಕರಾರು ಇದೆ. ಕೆಲವನ್ನು ಬೇರೆಯವರು ಮತ್ತೆ ಮಾಡಿ ನೋಡಿದಾಗ ಅದೇ ಫಲಿತಾಂಶ ಸಿಗಲಿಲ್ಲ. ಆದರೆ ಪುರಾವೆ ಅದೊಂದೇ ಅಲ್ಲ. 2001ರ ಇನ್ನೊಂದು ಅಧ್ಯಯನ ನೋಡಿ, ನನಗೆ ಇದೇ ಹೆಚ್ಚು ಇಷ್ಟ. 'ಇದು ನೆನಪಿನ ಪರೀಕ್ಷೆ' ಅಂತ ಒತ್ತಿ ಹೇಳಿದಾಗ ಹಿರಿಯರ ಅಂಕ ಯುವಜನರಿಗಿಂತ ಕಡಿಮೆ ಬಂತು. ನೆನಪಿನ ಮಾತೇ ಎತ್ತದೆ ಅದೇ ಕೆಲಸ ಕೊಟ್ಟಾಗ ವ್ಯತ್ಯಾಸ ಕಾಣಲಿಲ್ಲ. 'ಎಲ್ಲಿ ತಪ್ಪುತ್ತೇನೋ' ಎಂಬ ಅಳುಕಿಗೂ ಮೆದುಳಿನಲ್ಲಿ ಜಾಗ ಬೇಕಲ್ವಾ? ಹಿಂದೆ ನಾಲ್ಕು ಜನ ಕ್ಯೂ ನಿಂತಿರುವಾಗ ಎಟಿಎಂ ಪಿನ್ ಮರೆಯುವುದು ಸುಮ್ನೆ ಅಲ್ಲ.

ಆಯುಷ್ಯಕ್ಕೂ ಇದಕ್ಕೂ ನಂಟು ಕಂಡಿದೆ. ಒಹಾಯೋದ ಒಂದು ಪಟ್ಟಣದಲ್ಲಿ 50 ದಾಟಿದ 660 ಜನರ ಮಾಹಿತಿಯನ್ನು ಲೆವಿ ತಂಡ 2002ರಲ್ಲಿ ವಿಶ್ಲೇಷಿಸಿತು. ತಮ್ಮ ಮುಪ್ಪಿನ ಬಗ್ಗೆ ಒಳ್ಳೆಯ ಭಾವನೆ ಇದ್ದವರು ಉಳಿದವರಿಗಿಂತ ಸುಮಾರು 7.5 ವರ್ಷ ಜಾಸ್ತಿ ಬದುಕಿದ್ದರು. ನಂಬಿಕೆಯೇ ಕಾರಣ ಅಂತ ಇದರಿಂದ ಸಾಬೀತಾಗುವುದಿಲ್ಲ. ಆದರೂ ಆರೋಗ್ಯ, ಆರ್ಥಿಕ ಸ್ಥಿತಿಯನ್ನು ಲೆಕ್ಕಕ್ಕೆ ಹಿಡಿದ ಮೇಲೂ ಆ ನಂಟು ಉಳಿಯಿತು.

ವಯಸ್ಸಾದಂತೆ ಮೆದುಳು ನಿಧಾನವಾಗುವುದು ಸುಳ್ಳಲ್ಲ. ಗೊತ್ತಿರುವ ಹೆಸರು ಥಟ್ಟನೆ ಬಾಯಿಗೆ ಬರುವುದಿಲ್ಲ. ಪದಸಂಪತ್ತು, ಲೋಕಜ್ಞಾನ ಮಾತ್ರ ಅಷ್ಟು ಸುಲಭಕ್ಕೆ ಕರಗುವುದಿಲ್ಲ. ತಾಳಮದ್ದಳೆ ಕೇಳುವವರಿಗೆ ಇದನ್ನು ಬಿಡಿಸಿ ಹೇಳಬೇಕಾ? ಎಪ್ಪತ್ತು ದಾಟಿದ ಅರ್ಥಧಾರಿಗಳು ಬರೆದಿಟ್ಟ ಸಂಭಾಷಣೆಯಿಲ್ಲದೆ ಎದುರಿನವರ ಮಾತಿಗೆ ಅಲ್ಲಿಂದಲ್ಲೇ ಉತ್ತರ ಕಟ್ಟುತ್ತಾರೆ.

ನನ್ನ ಪ್ರಕಾರ ದೊಡ್ಡ ನಷ್ಟ ಆಗುವುದು ಆಸ್ಪತ್ರೆಗೆ ಹೋಗದೆ ಉಳಿಯುವುದರಿಂದ. 'ಪ್ರಾಯ ಆಯ್ತಲ್ಲ ಮಾರಾಯ್ರೆ' ಅಂದುಬಿಟ್ಟರೆ ಮುಂದೆ ಪರೀಕ್ಷೆಯೇ ಇಲ್ಲ. ಮರೆವು ಜಾಸ್ತಿಯಾಗಲು ಬಿ12 ಕೊರತೆ, ಥೈರಾಯ್ಡ್ ಸಮಸ್ಯೆ, ಖಿನ್ನತೆ, ಎಷ್ಟೋ ಸಲ ನಿದ್ದೆ ಮಾತ್ರೆಯೂ ಕಾರಣವಿರಬಹುದು. ಕಿವಿ ಮಂದವಾದರೆ ಹೇಳಿದ ಮಾತು ಒಳಗೇ ಹೋಗಿರುವುದಿಲ್ಲ, ನೋಡುವವರಿಗೆ ಅದೂ ಮರೆವಿನಂತೆಯೇ ಕಾಣುತ್ತದೆ. ಬಿ12 ಮತ್ತು ಥೈರಾಯ್ಡ್ ತಿಳಿಯಲು ರಕ್ತ ಪರೀಕ್ಷೆ ಸಾಕು.